ಎಂಜಿನ್ನಿನ ರೇಚಕ

ಪ್ರಾಣಾಯಾಮದ ಅಭ್ಯಾಸಿಗೆ ಪೂರಕಕ್ಕಿಂತ ಮೊದಲು ರೇಚಕವನ್ನು ತಿದ್ದಿಕೊಡುವ ಗುರುಗಳುಂಟು; ಒಳಗಿನ ಹಳೆಯ ಉಸಿರು ನಿಶ್ಶೇಷವಾಗಿ ಹೊರಬೀಳದೆ ಹೊಸ ಉಸಿರಿಗೆ ಎಡೆಯೆಲ್ಲಿ ಎಂಬುದು ಅವರ ವಾದ. ಮೋಟಾರು ಗಾಡಿಯ ಎಂಜಿನ್ನನ್ನು ಕಟ್ಟಿದವರಿಗೆ ಈ ಸರಳವಾದ ಮಾತಿನ ಪೂರ್ಣಾರ್ಥ ಹೊಳೆಯುವುದಕ್ಕೆ ಹತ್ತಿರ ಹತ್ತಿರ ಅರ್ಧ ಶತಮಾನ ಹಿಡಿಯಿತು. ಗಾಳಿಯನ್ನು ಬಲವಂತದಿಂದ ಒಳಗೆ ತುರುಕುವ ಸೂಪರ್‌ಚಾರ್ಜರ್, ಟರ್ಬೊ ಮೊದಲಾದ ಉಪಕರಣಗಳ ಹಂಗಿಲ್ಲದೆ, ಪಿಸ್ಟನ್ನು ಕೆಳಗಿಳಿಯುವಾಗ ಉಂಟಾಗುವ ಸೆಳೆತವೊಂದನ್ನೇ ನಂಬಿ ಉಸಿರೆಳೆಯುವ ಎಂಜಿನ್ನು—ಇದನ್ನು ಸಹಜಶ್ವಾಸದ ಎಂಜಿನ್ನೆಂದು ಕರೆಯೋಣ—ಮಿತವ್ಯಯದ ಸಂಸಾರದಂಥದು. ಹೊರಗಿನಿಂದ ಸಾಲ ತರುವಂತಿಲ್ಲ, ಪೋಲಾಗುವುದನ್ನು ತಡೆದೇ ಹೆಚ್ಚಿಸಿಕೊಳ್ಳಬೇಕು. ಹಾಗೆ ಪೋಲಾಗುತ್ತಿದ್ದುದರಲ್ಲಿ ಗಣನೀಯವಾದುದು ಹೊಗೆಯೊಡನೆ ಹೊರಬೀಳುತ್ತಿದ್ದ ಶಕ್ತಿ. ಅದನ್ನು ಹಿಡಿದು ದುಡಿಸಿಕೊಂಡ ಸಾಧನವೇ ಹೆಡರ್. ಎಂದರೆ ಸಿಲಿಂಡರುಗಳ ಬಾಯಿಂದ ಒಂದೊಂದಾಗಿ ಹೊರಟು, ಬಾಗಿ ಬಳುಕಿ, ಕೆಳಗೆಲ್ಲೋ ಒಂದುಗೂಡುವ ಉಕ್ಕಿನ ಕೊಳವೆಗಳ ಕಟ್ಟು.

ಮೊದಮೊದಲು ಈ ಭಾಗಕ್ಕೆ ಬಚ್ಚಲ ಮೋರಿಗಿಂತ ಹೆಚ್ಚಿನ ಗೌರವವಿರಲಿಲ್ಲ. ಎಂಜಿನ್ನಿನ ಪಕ್ಕದಲ್ಲಿ ಮರದ ದಿಮ್ಮಿಯಂತೆ ಅಡ್ಡಬಿದ್ದಿರುವ ಎರಕದ ಕಬ್ಬಿಣದ ಮ್ಯಾನಿಫೋಲ್ಡೊಂದು ಎಲ್ಲ ಸಿಲಿಂಡರುಗಳ ಹೊಗೆಯನ್ನೂ ಒಟ್ಟಿಗೆ ನುಂಗಿ ಹಿಂದಕ್ಕೆ ಸಾಗಿಸುತ್ತಿತ್ತು. ಅದು ಅಗ್ಗ, ಬಾಳಿಕೆ ಬರುವಂಥದು, ಸದ್ದನ್ನೂ ಅಷ್ಟಿಷ್ಟು ಅಡಗಿಸುವಂಥದು. ನಮ್ಮ ಊರುಗಳ ಮೆಕ್ಯಾನಿಕ್ಕರು ಇಂದಿಗೂ ಎಂಜಿನ್ನಿನಿಂದ ಹಿಡಿದು ಗಾಡಿಯ ಬಾಲದವರೆಗಿನ ಸಮಸ್ತವನ್ನೂ ‘ಸೈಲೆನ್ಸರ್’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತಾರಷ್ಟೆ. ಆ ಹೆಸರಿನಲ್ಲಿಯೇ ಆ ಕಾಲದ ದೃಷ್ಟಿಯೆಲ್ಲ ಅಡಗಿದೆ. ಇಂಗ್ಲೆಂಡಿನಲ್ಲಿ 1907ರಲ್ಲಿ ತೆರೆದ ಬ್ರೂಕ್‌ಲ್ಯಾಂಡ್ಸ್ ಪಂದ್ಯಪಥದ ನೆರೆಹೊರೆಯವರು ಸದ್ದಿನ ಮೇಲೆ ದೂರಿಟ್ಟು, ಅಲ್ಲಿ ಓಡುವ ಗಾಡಿಗಳಿಗೆ ದೊಡ್ಡ ಡಬ್ಬಿಯ ಸೈಲೆನ್ಸರನ್ನು ಕಡ್ಡಾಯ ಮಾಡಿಸಿದಾಗಲೂ, ಚರ್ಚೆ ನಡೆದದ್ದು ಕಿವಿಯ ನೆಮ್ಮದಿಯನ್ನು ಕುರಿತೇ ಹೊರತು ಎಂಜಿನ್ನಿನ ಉಸಿರನ್ನು ಕುರಿತಲ್ಲ.

ಆದರೆ ಆ ಕೊಳವೆಯೊಳಗೆ ನಡೆಯುವುದೇನು? ದಹನ ಮುಗಿದು, ಪಿಸ್ಟನ್ನು ತಳ ಮುಟ್ಟುವುದಕ್ಕೆ ಎಷ್ಟೋ ಮೊದಲೇ ನಿಷ್ಕಾಸದ ವಾಲ್ವು ತೆರೆದುಕೊಳ್ಳುತ್ತದೆ. ಆಗಿನ್ನೂ ವಾಯುಮಂಡಲದ ಹಲವು ಪಟ್ಟು ಒತ್ತಡದಲ್ಲಿರುವ ಅನಿಲವು ಗುಂಡಿನಂತೆ ಹೊರನುಗ್ಗಿ, ತನಗಿಂತ ಬಹಳ ಮುಂದೆ ಒಂದು ಒತ್ತಡದ ಅಲೆಯನ್ನು ಓಡಿಸುತ್ತದೆ. ಆ ಅಲೆಯು ಕೊಳವೆಗಳು ಕೂಡುವ ವಿಶಾಲವಾದ ಸ್ಥಳವನ್ನು ತಲುಪಿದೊಡನೆ, ಇಕ್ಕಟ್ಟಿನಿಂದ ಬಯಲಿಗೆ ಬಂದ ಕಾರಣದಿಂದ, ತನ್ನ ಗುಣವನ್ನೇ ಬದಲಾಯಿಸಿಕೊಂಡು ಸೆಳೆತದ ಅಲೆಯಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ನಿಷ್ಕಾಸದ ವಾಲ್ವು ಇನ್ನೂ ಮುಚ್ಚಿಲ್ಲದೆ, ಒಳಸೇವನೆಯ ವಾಲ್ವು ಆಗತಾನೆ ತೆರೆಯುತ್ತಿರುವ ಆ ಸಂಧಿಕಾಲಕ್ಕೆ ಸರಿಯಾಗಿ ಅದು ಬಂದು ಮುಟ್ಟಿದರೆ, ಪಿಸ್ಟನ್ನಿನ ಕೈಗೆ ಎಟುಕದೆ ದಹನಕೋಷ್ಠದಲ್ಲಿ ಉಳಿದಿದ್ದ ಹೊಗೆಯನ್ನು ಗುಡಿಸಿಹಾಕುವುದಲ್ಲದೆ, ಪಿಸ್ಟನ್ನು ಇಳಿಯಲಾರಂಭಿಸುವ ಮೊದಲೇ ಹೊಸ ಗಾಳಿಯನ್ನು ಕೈಹಿಡಿದು ಕರೆತರುತ್ತದೆ. ತಪ್ಪು ಗಳಿಗೆಯಲ್ಲಿ, ಸೆಳೆತಕ್ಕೆ ಬದಲಾಗಿ ಒತ್ತಡವೇ ಬಂತೆಂದರೆ, ಹೊರಹೋಗಬೇಕಾದ ಹೊಗೆ ಕಾರ್ಬುರೇಟರಿನ ಕಡೆಗೆ ತಿರುಗಿ ನೋಡುತ್ತದೆ. ಮೋರಿಯೆಂದು ತಿಳಿದಿದ್ದದ್ದು ನಿಜವಾಗಿ ಕೊಳಲಿನ ಜಾತಿಯದು; ಅದರ ಉದ್ದಕ್ಕೂ ಅದು ಹೊರಡಿಸುವ ಸ್ವರಕ್ಕೂ ಸಂಬಂಧವುಂಟು.

ಅಲೆಗೆ ತನ್ನದೇ ಒಂದು ವೇಗವಿರುವುದರಿಂದ, ಒಂದು ಉದ್ದದ ಕೊಳವೆ ಎಂಜಿನ್ನಿನ ಯಾವುದೋ ಒಂದು ವೇಗದ ಆಸುಪಾಸಿನಲ್ಲಿ ಮಾತ್ರವೇ ಪೂರ್ಣೋಪಕಾರ ಮಾಡಬಲ್ಲದು. ಇದಕ್ಕೆ ಅನುಭವಸ್ಥರು ಬಳಸುವ ಲೆಕ್ಕವೊಂದಿದೆ: ಪಿಸ್ಟನ್ನು ತಳ ಮುಟ್ಟುವುದಕ್ಕೆ ಎಷ್ಟು ಡಿಗ್ರಿ ಮೊದಲು ನಿಷ್ಕಾಸದ ವಾಲ್ವು ತೆರೆಯುವುದೋ ಅದಕ್ಕೆ 180ನ್ನು ಕೂಡಿಸಿ, 850ರಿಂದ ಗುಣಿಸಿ, ನಿಮಿಷಕ್ಕೆ ಎಷ್ಟು ಸುತ್ತಿನಲ್ಲಿ ಫಲ ಬೇಕೋ ಆ ಸಂಖ್ಯೆಯಿಂದ ಭಾಗಿಸಿ, 3ನ್ನು ಕಳೆದರೆ ಕೊಳವೆಯ ಉದ್ದ ಅಂಗುಲಗಳಲ್ಲಿ ದೊರೆಯುತ್ತದೆ. 70 ಡಿಗ್ರಿ ಮೊದಲೇ ತೆರೆಯುವ ವಾಲ್ವಿಗೆ, 6000 ಸುತ್ತಿನಲ್ಲಿ ಬಲ ಬೇಕೆಂದರೆ ಸುಮಾರು 32 ಅಂಗುಲ. 4500ರಲ್ಲಿ ಬೇಕೆಂದರೆ 44. ಇದು ಒರಟು ಲೆಕ್ಕವೇ; ಆದರೂ ಹೆಡರನ್ನು ಆರಿಸುವವನು ಅಂಗಡಿಗೆ ಹೋಗುವ ಮೊದಲು ತನ್ನನ್ನೇ ಕೇಳಿಕೊಳ್ಳಬೇಕಾದ ಪ್ರಶ್ನೆ ಇದರೊಳಗಿದೆ. ಯಾವ ಕೊಳವೆ ಒಳ್ಳೆಯದು ಎಂದು ಕೇಳುವುದರಲ್ಲಿ ಅರ್ಥವಿಲ್ಲ. ನನ್ನ ಎಂಜಿನ್ನು ಎಷ್ಟು ಸುತ್ತಿನಲ್ಲಿ ಬದುಕು ಮಾಡುತ್ತದೆ ಎಂದು ಕೇಳಬೇಕು.

ಈ ತಿಳಿವಳಿಕೆ ಬರುವುದಕ್ಕೆ ಮುಂಚೆ ಕೊಳವೆಯ ವ್ಯಾಮೋಹ ಬಂದಿತ್ತೆಂಬುದು ಲೋಕದ ರೀತಿಗೆ ಅನುಗುಣವಾಗಿಯೇ ಇದೆ. ಅಮೆರಿಕದ ಡ್ಯೂಸೆನ್‌ಬರ್ಗ್ ಸಂಸ್ಥೆ 1932ರಲ್ಲಿ ಸೂಪರ್‌ಚಾರ್ಜರನ್ನು ಹೂಡಿದ ಎಸ್‌ಜೆ ಮಾದರಿಗೆ, ಬಾನೆಟ್ಟಿನ ಪಕ್ಕದಿಂದ ಹೊರಬಂದು ಕೆಳಗಿಳಿಯುವ ಥಳಥಳಿಸುವ ಕೊಳವೆಗಳನ್ನು ಕೊಟ್ಟಿತಷ್ಟೆ. ಸೂಪರ್‌ಚಾರ್ಜರಿಲ್ಲದ ಜೆ ಮಾದರಿಯ ಒಡೆಯರಲ್ಲಿಯೂ ಅನೇಕರು ಅದೇ ಕೊಳವೆಗಳನ್ನು ತಮ್ಮ ಗಾಡಿಗೂ ಹಾಕಿಸಿಕೊಂಡರು. ಅದು ಆಭರಣ; ಅದರ ಮೇಲೆ ನನಗೆ ಕೋಪವಿಲ್ಲ.

ಆಭರಣವನ್ನು ಬಿಟ್ಟು ಆಯುಧವನ್ನು ಮಾಡಿಕೊಂಡವರು ದಕ್ಷಿಣ ಕ್ಯಾಲಿಫೋರ್ನಿಯದ ಒಣಗಿದ ಸರೋವರಗಳ ಮೇಲೆ ಗಾಡಿ ಓಡಿಸುತ್ತಿದ್ದ ಯುವಕರು. ಅವರ ಕೈಗೆ ಅಗ್ಗವಾಗಿ ಸಿಕ್ಕಿದ್ದು 1932ರಲ್ಲಿ ಫೋರ್ಡ್ ಹೊರತಂದ ವಿ-8 ಎಂಜಿನ್ನು. ಅದರ ಒಂದೊಂದು ಸಾಲಿನಲ್ಲಿ ಸಿಲಿಂಡರುಗಳು ನಾಲ್ಕು, ಹೊಗೆಯ ಬಾಗಿಲುಗಳು ಮೂರು. ನಡುವಣ ಇಬ್ಬರಿಗೆ ಒಂದೇ ಬಾಗಿಲು. ಆ ಇಬ್ಬರೂ ಅರ್ಧ ಸುತ್ತಿನ ಅಂತರದಲ್ಲಿಯೇ ಉರಿಯುವುದರಿಂದ ಒಬ್ಬನು ಹೊಸ್ತಿಲು ದಾಟಿ ಮುಗಿಸುವುದರೊಳಗೆ ಇನ್ನೊಬ್ಬನು ನೂಕುತ್ತಿದ್ದನು. ಸಾಲದುದಕ್ಕೆ ಹೊಗೆಯ ದಾರಿ ನೀರಿನ ಪದರದ ನಡುವೆ ಹಾದು ರೇಡಿಯೇಟರನ್ನು ಕುದಿಸುತ್ತಿತ್ತು. ಹೊರಗಿನ ಕೊಳವೆಯನ್ನು ಎಷ್ಟು ಚೆನ್ನಾಗಿ ಬಗ್ಗಿಸಿದರೂ ಒಳಗಿನ ಈ ಜಗಳ ತೀರುವಂತಿರಲಿಲ್ಲ. ಆದರೂ ಆ ಬಗ್ಗಿಸುವಿಕೆಯಿಂದಲೇ ಒಂದು ಕಸುಬು ಹುಟ್ಟಿತು. 1954ರಲ್ಲಿ ಆರಂಭವಾದ ಹೆಡ್‌ಮನ್ ಸಂಸ್ಥೆಯಂಥವು ಹೆಡರುಗಳನ್ನೇ ಮಾರಿ ಬದುಕಬಹುದೆಂಬುದನ್ನು ತೋರಿಸಿಕೊಟ್ಟವು.

ಇದೇ ಮೂರು ಬಾಗಿಲಿನ ಸಮಸ್ಯೆ ಅಟ್ಲಾಂಟಿಕ್ಕಿನ ಈಚೆ ದಡದಲ್ಲಿ ಬೇರೊಂದು ರೂಪದಿಂದ ಬಂದು, ನನ್ನ ಮಟ್ಟಿಗೆ ಹೇಳುವುದಾದರೆ ಹೆಡರಿನ ಇತಿಹಾಸದಲ್ಲಿಯೇ ಅತ್ಯಂತ ಸೊಗಸಾದ ಪರಿಹಾರವನ್ನು ಪಡೆಯಿತು. 1951ರ ಆಸ್ಟಿನ್ ಎ30 ಗಾಡಿಗೆಂದು 803 ಸಿ.ಸಿ.ಯ ಒಂದು ಪುಟ್ಟ ಎಂಜಿನ್ನು ತಯಾರಾಯಿತು. ಎ-ಸರಣಿಯೆಂದು ಹೆಸರಾದ ಅದನ್ನೇ ಅಲೆಕ್ ಇಸಿಗೋನಿಸ್ 1959ರಲ್ಲಿ ಅಡ್ಡಲಾಗಿ ತಿರುಗಿಸಿ, 848 ಸಿ.ಸಿ., 34 ಅಶ್ವಶಕ್ತಿಯದನ್ನಾಗಿ ಮಿನಿ ಗಾಡಿಯೊಳಗೆ ಇರಿಸಿದನು. ಇದರ ಸಿಲಿಂಡರ್ ಹೆಡ್ಡಿನಲ್ಲಿಯೂ ನಾಲ್ಕು ಸಿಲಿಂಡರುಗಳಿಗೆ ಹೊಗೆಯ ಬಾಗಿಲು ಮೂರೇ: 1ಕ್ಕೆ ಒಂದು, 4ಕ್ಕೆ ಒಂದು, 2 ಮತ್ತು 3ಕ್ಕೆ ನಡುವೆ ಒಂದು. ಅಗ್ಗದ ಗಾಡಿಗೆ ಬೇಕಾದ ಅಗ್ಗದ ಎರಕ ಅದು. ಸ್ಪರ್ಧೆಯ ಆಲೋಚನೆ ಅದನ್ನು ರೂಪಿಸಿದವರಿಗೆ ಇದ್ದಂತಿಲ್ಲ.

ಆದರೆ ಇಲ್ಲಿ ದೈವ ಒಂದು ಉಪಕಾರ ಮಾಡಿತ್ತು. ಈ ಎಂಜಿನ್ನು ಉರಿಯುವ ಕ್ರಮ 1-3-4-2. ಬೆರಳು ಮಡಿಸಿ ಎಣಿಸಿದರೆ, ಒಂದೇ ಬಾಗಿಲನ್ನು ಹಂಚಿಕೊಂಡಿರುವ 2 ಮತ್ತು 3ರ ನಡುವೆ ಪೂರ್ತಿ ಒಂದು ಸುತ್ತಿನ ಅಂತರವಿರುವುದು ಕಾಣುತ್ತದೆ. ಒಬ್ಬನ ಕೆಲಸ ಬಹುಮಟ್ಟಿಗೆ ಮುಗಿದ ಮೇಲೆಯೇ ಇನ್ನೊಬ್ಬನ ಸರದಿ. ಹೊರಗಿನ 1 ಮತ್ತು 4ರ ನಡುವೆಯೂ ಅಷ್ಟೇ ಅಂತರ. ನಾಲ್ಕು ಕೊಳವೆಗಳನ್ನು ಮೊದಲು ಎರಡು ಜೋಡಿಗಳಾಗಿಯೂ ಅನಂತರ ಆ ಎರಡನ್ನು ಒಂದಾಗಿಯೂ ಸೇರಿಸಬೇಕೆಂದು ಸ್ವತಂತ್ರವಾಗಿ ಕುಳಿತು ಯೋಚಿಸಿದವನು ಕೂಡ ಆರಿಸಿಕೊಳ್ಳಬೇಕಾದ ಜೋಡಿಗಳು ಇವೇ. ಅವುಗಳಲ್ಲಿ ಒಂದನ್ನು ಕಬ್ಬಿಣದ ಎರಕವೇ ಮಾಡಿಟ್ಟಿತ್ತು. ಉಳಿದ ಕೆಲಸವೆಂದರೆ 1 ಮತ್ತು 4ನ್ನು ಮೇಲೆಯೇ ಕೂಡಿಸಿ, ನಡುವಣ ಬಾಗಿಲಿನ ಕೊಳವೆಯನ್ನು ಯಾರ ಸಹವಾಸಕ್ಕೂ ಬಿಡದೆ ಒಂಟಿಯಾಗಿ ಬಹುದೂರ ಇಳಿಸಿ, ಆಮೇಲೆ ಎರಡನ್ನೂ ಒಂದುಮಾಡುವುದು. ಲಾಂಗ್ ಸೆಂಟರ್ ಬ್ರಾಂಚ್ ಎಂದೂ, ಬಳಕೆಯಲ್ಲಿ ಎಲ್‌ಸಿಬಿ ಎಂದೂ ಕರೆಯುವ ಈ ನಮೂನೆ ಸಾಲ್ಸ್‌ಬರಿಯ ಹತ್ತಿರದ ಡೌನ್‌ಟನ್ ಎಂಬ ಹಳ್ಳಿಯ ಹೆಸರಿನೊಡನೆ ಸೇರಿಹೋಗಿದೆ; ಅಲ್ಲಿ ಡೇನಿಯಲ್ ರಿಚ್‌ಮಂಡನೂ ಅವನ ಪತ್ನಿ ಬಂಟಿಯೂ ನಡೆಸುತ್ತಿದ್ದ ಡೌನ್‌ಟನ್ ಎಂಜಿನಿಯರಿಂಗ್ ಎಂಬ ಕಾರ್ಯಾಗಾರ, ಮಿನಿಯ ಹೆಡ್ಡುಗಳನ್ನು ಕೈಯಿಂದ ತಿದ್ದಿ ನಯಗೊಳಿಸುವುದರಲ್ಲಿ ಖ್ಯಾತಿ ಪಡೆದು, ಕೊನೆಗೆ ಮಿನಿಯನ್ನು ತಯಾರಿಸುತ್ತಿದ್ದ ಬಿ.ಎಂ.ಸಿ. ಸಂಸ್ಥೆಗೇ ಸಲಹೆ ಕೊಡುವಂತಾಯಿತು. ಜಾನ್ ಕೂಪರನ ಹೆಸರು ಹೊತ್ತ ಮಿನಿ 1961ರಲ್ಲಿ 55 ಅಶ್ವಶಕ್ತಿಗೆ ಏರಿತು. ಅದರ ಎಸ್ ಮಾದರಿಗಳು 1964, 1965, 1967ರಲ್ಲಿ ಮಾಂಟೆ ಕಾರ್ಲೊ ರ್‍ಯಾಲಿಯನ್ನು ಗೆದ್ದ ಮೇಲೆ, ಬೀದಿಯ ಮಿನಿಯ ಒಡೆಯನಿಗೂ ತನ್ನ ಗಾಡಿಯ ಉಸಿರಿನ ವಿಚಾರದಲ್ಲಿ ಆಸಕ್ತಿ ಹುಟ್ಟಿದ್ದು ಸಹಜವೇ.

ಅಷ್ಟರೊಳಗೆ ಶಾಸ್ತ್ರವೂ ಕಸುಬಿನ ಬೆನ್ನು ಹಿಡಿದು ಬಂದಿತ್ತು. ಫಿಲಿಪ್ ಎಚ್. ಸ್ಮಿತ್, ಜಾನ್ ಸಿ. ಮಾರಿಸನ್ನನೊಡನೆ ಸೇರಿ, ನಿಷ್ಕಾಸ ಮತ್ತು ಒಳಸೇವನೆಯ ಕೊಳವೆಗಳ ವೈಜ್ಞಾನಿಕ ರಚನೆಯನ್ನೇ ವಿಷಯವಾಗಿಸಿಕೊಂಡ ಗ್ರಂಥವನ್ನು 1962ರಲ್ಲಿ ಹೊರತಂದನು. ಅಮೆರಿಕದಲ್ಲಿ ಎರಡೆರಡಾಗಿ ಕೂಡುವ ಹೆಡರಿಗೆ ಟ್ರೈ-ವೈ ಎಂದು ಹೆಸರಾಯಿತು. 1965ರ ಶೆಲ್ಬಿ ಜಿಟಿ350 ಗಾಡಿಗೆ ಅದೇ ಬಂತು. ಒಂದೇ ಸಾಲಿನ ಸಿಲಿಂಡರುಗಳು ಸಮನಾದ ಅಂತರದಲ್ಲಿ ಉರಿಯದ ವಿ-8 ಎಂಜಿನ್ನುಗಳಲ್ಲಿ ಜೋಡಿಗಾಗಿ ಎದುರು ಸಾಲಿನ ಸಿಲಿಂಡರನ್ನೇ ಅರಸಿ ಹೋಗಬೇಕಾದುದರಿಂದ, ಫೋರ್ಡ್ ಜಿಟಿ40ರ ಹಿಂಭಾಗದಲ್ಲಿ ಒಂದರ ಮೇಲೊಂದು ಹೆಣೆದುಕೊಂಡ ಬಿಳಿಯ ಕೊಳವೆಗಳು ಹುತ್ತದಿಂದ ಎದ್ದ ಹಾವುಗಳಂತೆ ಕಾಣುತ್ತಿದ್ದವು. ಕವೆಂಟ್ರಿ ಕ್ಲೈಮ್ಯಾಕ್ಸಿನವರು ತಮ್ಮ ಒಂದೂವರೆ ಲೀಟರಿನ ಪಂದ್ಯದ ವಿ-8ರಲ್ಲಿ ಈ ಹೆಣಿಗೆಯ ಕಷ್ಟ ಬೇಡವೆಂದು 1963ರಲ್ಲಿ ಕ್ರ್ಯಾಂಕ್‌ಶಾಫ್ಟನ್ನೇ ಬದಲಾಯಿಸಿಬಿಟ್ಟರು. ಕೊಳವೆಯ ಸಲುವಾಗಿ ಎಂಜಿನ್ನಿನ ಬೆನ್ನೆಲುಬನ್ನು ಬದಲಿಸುವಷ್ಟು ದೂರ ಮೋರಿಯ ಅಂತಸ್ತು ಬೆಳೆದಿತ್ತು.

ಮಿನಿಗೆ ಹಿಂದಿರುಗುತ್ತೇನೆ. ಅದರ ಹೆಡರನ್ನು ಆರಿಸುವವನಿಗೆ ಒಂದು ಪ್ರಲೋಭನೆ ಕಾದಿರುತ್ತದೆ: ಎಲ್‌ಸಿಬಿಯಲ್ಲಿಯೂ ಸಣ್ಣ ಬಾಯಿಯದು, ದೊಡ್ಡ ಬಾಯಿಯದು ಎಂಬ ಭೇದಗಳಿವೆ, ಬೆಲೆಯಲ್ಲಿ ಹೆಚ್ಚಿನ ವ್ಯತ್ಯಾಸವಿಲ್ಲ, ದೊಡ್ಡದನ್ನೇ ಏಕೆ ಕೊಳ್ಳಬಾರದು? 998 ಸಿ.ಸಿ.ಯ ಎಂಜಿನ್ನಿಗೆ 1275ಕ್ಕೂ ಮಿಕ್ಕಿದ ಕೊಳವೆಯನ್ನು ಬಿಗಿದಾಗ ಅನಿಲದ ಓಟ ಸಡಿಲವಾಗಿ, ತನ್ನ ಹಿಂದೆ ಸೆಳೆತವನ್ನು ಉಂಟುಮಾಡುವ ಅದರ ರಭಸ ಕುಗ್ಗಿ, ಗಾಡಿಯ ಸದ್ದು ಮಾತ್ರ ಹುಲಿಯದಾಗಿ ‘ಪಿಕಪ್’ ಮಂಕಾಗುತ್ತದೆ. ಯಾವ ವೇಗದಲ್ಲಿ ಆ ದೊಡ್ಡ ಕೊಳವೆ ಸಾರ್ಥಕವಾದೀತೋ ಆ ವೇಗಕ್ಕೆ ಆ ಎಂಜಿನ್ನು ಏರುವುದೇ ಅಪರೂಪ. ಸರಿಯಾದುದನ್ನೇ ಆರಿಸಿದವನಿಗೂ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಉಸಿರಾಟ ಸಲೀಸಾದ ಎಂಜಿನ್ನು ಹೆಚ್ಚು ಗಾಳಿಯನ್ನು ಎಳೆದುಕೊಂಡು ಪೆಟ್ರೋಲಿನ ಪಾಲು ಕಡಿಮೆಯಾಗುವುದರಿಂದ, ಎಸ್‌ಯು ಕಾರ್ಬುರೇಟರಿನ ಸೂಜಿಯನ್ನು ಬದಲಾಯಿಸಬೇಕು. ಪ್ಲಗ್ಗನ್ನು ಬಿಚ್ಚಿ ನೋಡಿ ಅದರ ಮೂತಿ ಸುಣ್ಣದಂತೆ ಬೆಳ್ಳಗಿದ್ದರೆ ಇನ್ನಷ್ಟು ಸಣಕಲು ಸೂಜಿಯನ್ನು ಹುಡುಕಬೇಕು. ಮಿನಿಯ ಎಂಜಿನ್ನು ತನ್ನ ರಬ್ಬರಿನ ಮೇಲೆ ಹಿಂದಕ್ಕೂ ಮುಂದಕ್ಕೂ ತೂಗುವ ಸ್ವಭಾವದ್ದು. ಅದನ್ನು ಹಿಡಿದಿಡುವ ಕಡ್ಡಿಯ ಬುಷ್ಷು ಸವೆದಿದ್ದರೆ, ಎಂಥ ಹೆಡರೂ ಕೂಡುಜಾಗದಲ್ಲಿ ಬಿರುಕುಬಿಡುತ್ತದೆ. ಇನ್ನು ನಡುವಣ ಬಾಗಿಲಿನಲ್ಲಿ ಇಬ್ಬರ ಶಾಖವೂ ಸೇರುವುದನ್ನು ಯಾವ ಕೊಳವೆಯೂ ತಪ್ಪಿಸಲಾರದು. ಅಲ್ಲಿನ ವಾಲ್ವುಗಳ ಪೀಠದ ನಡುವೆ ಹೆಡ್ಡು ಸೀಳುವುದು ಈ ಎಂಜಿನ್ನಿನ ಹಳೆಯ ರೋಗ.

ಈ ಮೂರು ಬಾಗಿಲಿನ ಎರಕ ನಮಗೆ ಅಪರಿಚಿತವಾದುದೇನೂ ಅಲ್ಲ. ಎ-ಸರಣಿಯ ಅಣ್ಣನಾದ ಬಿ-ಸರಣಿಯ 1489 ಸಿ.ಸಿ.ಯ ಎಂಜಿನ್ನೇ ಉತ್ತರಪಾರದಲ್ಲಿ ತಯಾರಾಗುತ್ತಿದ್ದ ಅಂಬಾಸಡರಿನ ಬಾನೆಟ್ಟಿನಡಿಯಲ್ಲಿ ಬಹುಕಾಲ ಇದ್ದದ್ದು. ಅದಕ್ಕೂ ಹೊಗೆಯ ಬಾಗಿಲು ಮೂರು, ಅದು ಉರಿಯುವ ಕ್ರಮವೂ 1-3-4-2. ಡೌನ್‌ಟನ್ನಿನ ಉಪಾಯ ಅಲ್ಲಿಯೂ ಅಕ್ಷರಶಃ ಸಲ್ಲುತ್ತಿತ್ತು. ಆದರೆ ಏಳೆಂಟು ಮಂದಿಯನ್ನೂ ಅವರ ಹಾಸಿಗೆ ಪೆಟ್ಟಿಗೆಗಳನ್ನೂ ಹೊತ್ತು, ಮೂರನೆಯ ಗೇರಿನಲ್ಲಿ ಘಟ್ಟ ಹತ್ತುತ್ತಿದ್ದ ಆ ಗಾಡಿಗೆ ಎರಕದ ಹಳೆಯ ಮ್ಯಾನಿಫೋಲ್ಡೇ ಸಾಕಾಗಿತ್ತು. ಅದರ ಚಾಲಕನಿಗೆ 6000 ಸುತ್ತಿನ ಆ ಊರಿನಲ್ಲಿ ಯಾವ ಕೆಲಸವೂ ಇರಲಿಲ್ಲ.