ದಾಕು ಬಂದ ದಾರಿ

ಕನ್ನಡ ನಾಡಿನ ತಂದೆತಾಯಂದಿರನ್ನು ಶತಮಾನಗಳ ಕಾಲ ನಡುಗಿಸಿದ ಮಕ್ಕಳ ಕಾಯಿಲೆಗಳಲ್ಲಿ ಸಿಡುಬಿಗೆ ಸಮನಾದುದು ಇನ್ನೊಂದಿರಲಿಲ್ಲ. ಅದರ ಉಗ್ರರೂಪ ತಗುಲಿದವರಲ್ಲಿ ಶೇ. 30ರಷ್ಟು ಮಂದಿ ಸಾಯುತ್ತಿದ್ದರು. ಬದುಕಿ ಉಳಿದವರಲ್ಲಿ ಹಲವರು ಕಣ್ಣು ಕಳೆದುಕೊಳ್ಳುತ್ತಿದ್ದರು. ಬೇನೆಯ ಹೆಸರೆತ್ತದೆ ‘ಅಮ್ಮ ಬಂದಿದ್ದಾಳೆ’ ಎನ್ನುವುದು, ಮಗುವಿನ ಹಾಸಿಗೆಯಲ್ಲಿ ಬೇವಿನ ಸೊಪ್ಪು ಹರಡುವುದು, ಒಗ್ಗರಣೆಯ ಘಾಟು ಏಳದಂತೆ ಅಡುಗೆ ಮಾಡುವುದು, ಹೊರಗಿನವರನ್ನು ಮನೆಗೆ ಸೇರಿಸದಿರುವುದು, ಬೊಕ್ಕೆ ಬಾಡಿದ ಮೇಲೆ ನೀರು ಹಾಕಿ ಮಾರಮ್ಮನಿಗೆ ತಂಬಿಟ್ಟು, ಮೊಸರನ್ನ ಒಪ್ಪಿಸುವುದು ರೂಢಿಯಾಗಿತ್ತು. ಇದನ್ನೆಲ್ಲ ಬರಿಯ ಮೌಢ್ಯವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಔಷಧವೇ ಇಲ್ಲದ ಕಾಲದಲ್ಲಿ ರೋಗಿಯಿರುವ ಮನೆಯನ್ನು ಊರಿನಿಂದ ದೂರವಿರಿಸಿದ ಈ ಕಟ್ಟಳೆಯಲ್ಲಿ ಅಂಟುಬೇನೆಯ ಅನುಭವಜ್ಞಾನ ಅಡಗಿತ್ತು.

ಇಂಗ್ಲೆಂಡಿನ ವೈದ್ಯ ಎಡ್ವರ್ಡ್ ಜೆನ್ನರ್ 1796ರಲ್ಲಿ ಹಸುವಿನ ಸಿಡುಬಿನ ರಸವನ್ನು ಬಾಲಕನೊಬ್ಬನ ತೋಳಿಗೆ ಸೇರಿಸಿ, ಆ ಸೌಮ್ಯ ಬೇನೆಯಿಂದ ಮಾರಕ ಸಿಡುಬನ್ನು ತಡೆಯಬಹುದೆಂದು ತೋರಿಸಿದನು. ಕನ್ನಡಿಗರು ‘ದಾಕು’ ಎಂದು ಕರೆದ ಈ ಲಸಿಕೆ ಬಾಗ್ದಾದ್, ಬಸ್ರಾಗಳ ಮಾರ್ಗವಾಗಿ ಬಂದು, 1802ರ ಜೂನ್ 14ರಂದು ಮುಂಬಯಿಯಲ್ಲಿ ಅನ್ನಾ ಡಸ್ಟ್‌ಹಾಲ್ ಎಂಬ ಮೂರು ವರ್ಷದ ಮಗುವಿನ ತೋಳಿನಲ್ಲಿ ಭಾರತದಲ್ಲಿ ಮೊದಲ ಬಾರಿಗೆ ಫಲಿಸಿತು. ಶೈತ್ಯಾಗಾರಗಳಿಲ್ಲದ ಆ ಕಾಲದಲ್ಲಿ ರಸ ಬೇಗ ಸತ್ವಗೆಡುತ್ತಿದ್ದುದರಿಂದ, ದಾಕು ಹಾಕಿಸಿಕೊಂಡ ಮಗುವಿನ ತೋಳಿನಲ್ಲಿ ಸುಮಾರು ಎಂಟನೆಯ ದಿನಕ್ಕೆ ತುಂಬಿಕೊಂಡ ಗುಳ್ಳೆಯನ್ನು ಚುಚ್ಚಿ, ಅದರ ರಸವನ್ನು ಇನ್ನೊಂದು ಮಗುವಿಗೆ ಹಚ್ಚಿ, ತೋಳಿನಿಂದ ತೋಳಿಗೆ ಅದನ್ನು ಜೀವಂತವಾಗಿ ದಾಟಿಸಬೇಕಾಗಿತ್ತು. ಹುಣ್ಣಾದ ತೋಳನ್ನು ಮತ್ತೆ ಚುಚ್ಚಿದಾಗ ನೋಯುತ್ತಿದ್ದುದು ಎಳೆಯ ಮಗುವಿಗೆ. ಯಾರದೋ ಮೈಯ ರಸ ತಮ್ಮ ಕೂಸಿನ ಮೈ ಸೇರುವುದೆಂಬ ಅಂಜಿಕೆ, ಅದರೊಡನೆ ಜಾತಿಯ ಮಡಿಮೈಲಿಗೆಯ ಅಳುಕು ಹೆತ್ತವರಿಗೆ. ಈ ವಿಧಾನದಲ್ಲಿ ಬೇರೆ ರೋಗಗಳು ದಾಟುವ ಅಪಾಯವೂ ನಿಜವಾಗಿ ಇದ್ದುದರಿಂದ ಅವರ ಹಿಂಜರಿಕೆ ಆಧಾರವಿಲ್ಲದ್ದೇನೂ ಆಗಿರಲಿಲ್ಲ.

ಇಂಥ ಸಂದರ್ಭದಲ್ಲಿ ಮೈಸೂರಿನ ಅರಮನೆಯ ನಡೆ ವಿಶೇಷ ಮಹತ್ವದ್ದು. ಬಾಲಕ ಅರಸು ಮುಮ್ಮಡಿ ಕೃಷ್ಣರಾಜ ಒಡೆಯರ ಎಳೆಯ ರಾಣಿ ದೇವಾಜಮ್ಮಣ್ಣಿಗೆ ದಾಕು ಹಾಕಿಸಲಾಯಿತು. ಆಕೆಯನ್ನು ನೋಡಿ ಪ್ರಜೆಗಳೂ ಮುಂದೆ ಬಂದರೆಂದು 1806ರ ಪ್ರಕಟಣೆಯೊಂದು ಸಾರಿತು. ಥಾಮಸ್ ಹಿಕಿ ಎಂಬ ಐರಿಷ್ ಕಲಾವಿದ 1805ರ ಸುಮಾರಿಗೆ ಬರೆದ ಮೂವರು ಸ್ತ್ರೀಯರ ತೈಲಚಿತ್ರದಲ್ಲಿ, ಬಲಗಡೆಯವಳು ಸೆರಗನ್ನು ಸರಿಸಿ ತೋಳನ್ನು ತೋರುತ್ತಾಳೆ. ಅವಳೇ ಆ ರಾಣಿಯೆಂದೂ, ಎಡಗಡೆಯವಳ ಬಾಯಿಯ ಸುತ್ತ ಬಣ್ಣಗೆಟ್ಟ ಚರ್ಮ ಹಿಂದಿನ ಪದ್ಧತಿಯ ಗುರುತೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ವಾದಿಸಿದ್ದಾರೆ. ಸಿಡುಬಿನ ಒಣಗಿದ ಹಕ್ಕಳೆಯ ಪುಡಿಯನ್ನು ಮೂಗಿಗೆ ಏರಿಸಿ ಬೇಕೆಂದೇ ಬೇನೆ ಬರಿಸುವುದು ಆ ಪದ್ಧತಿಯ ಒಂದು ಕ್ರಮ. ಬ್ರಿಟಿಷ್ ಕಂಪನಿ ಸರ್ಕಾರಕ್ಕೆ ದಾಕು ಹರಡುವುದರಲ್ಲಿ ತನ್ನ ಲಾಭವಿದ್ದುದು ನಿಜವಾದರೂ, ಅಂತಃಪುರದ ಹೆಣ್ಣುಮಗಳು ತೋಳು ತೋರಿದ್ದರ ಬೆಲೆ ಅದರಿಂದ ಕುಗ್ಗುವುದಿಲ್ಲ.

ಮುಂದೆ ಕರುಗಳ ಚರ್ಮದ ಮೇಲೆ ರಸ ಬೆಳೆಸುವ ಕ್ರಮ ಬಂದು ಮಕ್ಕಳ ತೋಳುಗಳಿಗೆ ಬಿಡುವು ದೊರಕಿತು. ಬೆಳಗಾವಿಯಲ್ಲಿ ಅಂಥ ಲಸಿಕೆ ತಯಾರಾಗುತ್ತಿದ್ದ ಆವರಣಕ್ಕೆ ‘ವ್ಯಾಕ್ಸಿನ್ ಡಿಪೋ’ ಎಂಬ ಹೆಸರು ಇಂದಿಗೂ ಉಳಿದಿದೆ. ಭಾರತದಲ್ಲಿ 1975ರಲ್ಲಿ ಕೊನೆಯ ಪ್ರಕರಣ ಕಂಡಿತು, 1980ರಲ್ಲಿ ಜಗತ್ತೇ ಸಿಡುಬಿನಿಂದ ಮುಕ್ತವಾಯಿತೆಂದು ಘೋಷಿಸಲಾಯಿತು.

ಆದರೆ ‘ಅಮ್ಮ’ ಎಂಬ ಹೆಸರಿನಲ್ಲೇ ದಡಾರ ಇನ್ನೂ ಮನೆಗಳಿಗೆ ಬರುತ್ತಿದೆ. ಜ್ವರ, ಕೆಮ್ಮು, ಕೆಂಗಣ್ಣಿನೊಡನೆ ಮೈಮೇಲೆ ಗಂಧೆ ಎದ್ದಾಗ ಬೇವಿನ ಸೊಪ್ಪು ಹಾಸುವುದರಿಂದ ಕೇಡಿಲ್ಲ; ಮಗುವಿನ ಊಟ, ಎದೆಹಾಲು ತಪ್ಪಿಸುವುದರಿಂದ, ಚಿಕಿತ್ಸೆ ತಡಮಾಡುವುದರಿಂದ ಕೇಡಿದೆ. ಅದನ್ನು ತಡೆಯುವ ಲಸಿಕೆಯನ್ನು ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ 9ರಿಂದ 12 ತಿಂಗಳೊಳಗೆ ಒಮ್ಮೆ, 16ರಿಂದ 24 ತಿಂಗಳೊಳಗೆ ಇನ್ನೊಮ್ಮೆ ಉಚಿತವಾಗಿ ಹಾಕುತ್ತಾರೆ; ಎರಡನೆಯದನ್ನು ತಂದೆತಾಯಂದಿರು ಮರೆಯಬಾರದು.