ಚಂದ್ರನಷ್ಟು ದೊಡ್ಡ ತುತ್ತು

ಚರಿತ್ರೆಯೆಂದೊಡನೆ ನಮ್ಮ ಮನಸ್ಸು ಶಾಸನ, ತಾಮ್ರಪಟಗಳತ್ತ ಓಡುತ್ತದೆ. ಆದರೆ ಜನರ ಬಾಳು ಅವರ ಬುತ್ತಿಯಲ್ಲಿಯೂ ಬರೆದಿರುತ್ತದೆ. ಬಹುಕಾಲ ಸಾಹಿತ್ಯಪಾಠ ಹೇಳಿದ ನಾನು ಇಂದು ಅಮೆರಿಕದ ಒಂದು ಬಿಸ್ಕತ್ತಿನ ವಿಚಾರ ಎತ್ತಿಕೊಂಡಿರುವುದು ಕೇಳುಗರಿಗೆ ವಿಚಿತ್ರವೆನಿಸೀತು. ಕಾರಣ ಮಾತ್ರ ಇದೇ.

ಅದರ ಹೆಸರು ಮೂನ್ ಪೈ. ಎರಡು ದುಂಡು ಬಿಸ್ಕತ್ತು. ನಡುವೆ ಸಕ್ಕರೆಪಾಕ, ಜೆಲಟಿನ್ನುಗಳನ್ನು ಕಡೆದು ನೊರೆಯಂತೆ ಮಾಡಿದ ಮಾರ್ಷ್‌ಮ್ಯಾಲೊ. ಮೇಲೆ ಚಾಕೊಲೇಟಿನ ಹೊದಿಕೆ. ಮಾರ್ಷ್‌ಮ್ಯಾಲೊ ಎಂಬುದು ಮೂಲತಃ ಜೌಗುನೆಲದ ಒಂದು ಗಿಡ. ಅದರ ಬೇರಿನ ಲೋಳೆಯಿಂದ ಫ್ರಾನ್ಸಿನ ಮಿಠಾಯಿಗಾರರು ಸಿಹಿ ಮಾಡುತ್ತಿದ್ದರು. ಕಾಲಕ್ರಮದಲ್ಲಿ ಗಿಡ ಮರೆಯಾಯಿತು, ಹೆಸರು ಉಳಿಯಿತು.

ಟೆನೆಸಿ ರಾಜ್ಯದ ಚಾಟನೂಗ ಬೇಕರಿ 1917ರಲ್ಲಿ ಇದನ್ನು ಮಾರಾಟಕ್ಕೆ ತಂದಿತು. ಬೇಕರಿಯವರು ಹೇಳಿಕೊಂಡು ಬಂದಿರುವ ಕಥೆಯಂತೆ, ಅವರ ಮಾರಾಟಗಾರ ಅರ್ಲ್ ಮಿಚೆಲ್ ಕಲ್ಲಿದ್ದಲ ಗಣಿಗಳ ಕಡೆ ಹೋದಾಗ, ನಿಮಗೆಂಥ ತಿಂಡಿ ಬೇಕೆಂದು ಕೇಳಿದನಂತೆ. ಊಟಕ್ಕೆ ಬಿಡುವಿಲ್ಲದ ಗಣಿಗಾರರು ಹೊಟ್ಟೆ ತುಂಬುವಂಥದು ಬೇಕೆಂದರು. ಎಷ್ಟು ದೊಡ್ಡದು? ಒಬ್ಬನು ಉದಯಿಸುತ್ತಿದ್ದ ಚಂದ್ರನನ್ನು ಎರಡು ಕೈಗಳ ನಡುವೆ ಹಿಡಿದು ತೋರಿಸಿದನಂತೆ. ಕೂಸಿಗೆ ಚಂದ್ರನನ್ನು ತೋರಿಸಿ ತುತ್ತಿಡುವುದನ್ನು ನಾವು ಬಲ್ಲೆವು. ಇಲ್ಲಿ ಹಸಿದ ಗಂಡಾಳೊಬ್ಬ ಚಂದ್ರನಷ್ಟು ತುತ್ತನ್ನೇ ಬೇಡಿದ. ಇದು ದಾಖಲೆಯಲ್ಲ, ಐತಿಹ್ಯ. ಆದರೆ ಈ ಐತಿಹ್ಯದಲ್ಲಿ ಮಾರಾಟಗಾರನಿಗೆ ಹೆಸರಿದೆ, ಗಣಿಗಾರನಿಗಿಲ್ಲ.

ಬೆಲೆ 5 ಸೆಂಟು. ಇನ್ನೊಂದು 5 ಸೆಂಟಿಗೆ ಆರ್ ಸಿ ಕೋಲಾ. ದಕ್ಷಿಣದ ರಾಜ್ಯಗಳಲ್ಲಿ ಈ ಜೋಡಿಯೇ ದುಡಿಮೆಗಾರನ ಊಟವೆನಿಸಿತು. 1951ರಲ್ಲಿ ಬಿಗ್ ಬಿಲ್ ಲಿಸ್ಟರ್ ಇದನ್ನೇ ಹಾಡಾಗಿ ಹಾಡಿದ. ಟೆನೆಸಿಯ ಬೆಲ್ ಬಕಲ್ ಊರಿನಲ್ಲಿ ಈ ಜೋಡಿಗೆ ವರ್ಷಕ್ಕೊಮ್ಮೆ ಜಾತ್ರೆ. ಅಲಬಾಮದ ಮೊಬೀಲ್ ನಗರದ ಮಾರ್ಡಿ ಗ್ರಾ ಮೆರವಣಿಗೆಯಲ್ಲಿ ಹಿಂದೆ ಕ್ರ್ಯಾಕರ್ ಜ್ಯಾಕ್ ಎಂಬ ತಿನಿಸಿನ ಪೆಟ್ಟಿಗೆಗಳನ್ನು ಜನರತ್ತ ಎಸೆಯುತ್ತಿದ್ದರು. ಅವುಗಳ ಚೂಪು ಮೂಲೆಗಳಿಂದ ಗಾಯಗಳಾಗುತ್ತಿದ್ದುದರಿಂದ 1970ರ ದಶಕದಲ್ಲಿ ಮೆತ್ತನೆಯ ಮೂನ್ ಪೈ ಆ ಸ್ಥಾನಕ್ಕೆ ಬಂತು. 2008ರ ಡಿಸೆಂಬರ್ 31ರಂದು ಅದೇ ನಗರದಲ್ಲಿ ಹೊಸವರ್ಷದ ಸ್ವಾಗತಕ್ಕೆ ದೀಪಾಲಂಕೃತವಾದ ಬೃಹತ್ ಮೂನ್ ಪೈಯೊಂದನ್ನು ಎತ್ತರಕ್ಕೆ ಏರಿಸಲಾಯಿತು.

ಹಬ್ಬದ ಗದ್ದಲದಲ್ಲಿ ಕೈಚಾಚಿ ಅದನ್ನು ಹಿಡಿಯುವವನಿಗೆ ಗಣಿಯ ಕತ್ತಲೆ ನೆನಪಾಗದಿರಬಹುದು. ಒಬ್ಬರ ಅವಸರದ ಊಟ ಮತ್ತೊಬ್ಬರ ವಿನೋದವಾಗುವುದು ಸಂಸ್ಕೃತಿಯ ಹಳೆಯ ನಡೆ. ವಿನೋದದ ಹಿಂದಿನ ಹಸಿವನ್ನು ನೆನಪಿಸುವುದು ಚರಿತ್ರೆಯ ಹೊಣೆ.