ಹಾಲೂಡಿಕೆ ಮತ್ತು ಶಿಶುವಿನ ನಾಲಿಗೆಕಟ್ಟು: ಒಂದು ಚಿಕಿತ್ಸೆಯ ಚರಿತ್ರೆ, ಭಟ್ಕಳ-ಹೊನ್ನಾವರ-ಕುಮಟಾದ ಹಿನ್ನೆಲೆಯಲ್ಲಿ

ನಾಲಿಗೆಯ ಅಡಿಯನ್ನು ಬಾಯಿಯ ತಳಕ್ಕೆ ಸೇರಿಸುವ ತೆಳುಪೊರೆ ಕೆಲವು ಶಿಶುಗಳಲ್ಲಿ ಗಿಡ್ಡವಾಗಿ ಬಿಗಿದಿರುತ್ತದೆ. ಅಂಥ ನಾಲಿಗೆ ಕೆಳ ಒಸಡು ದಾಟಿ ಮುಂದೆ ಚಾಚದಿದ್ದರೆ ಮಗು ಮೊಲೆಯನ್ನು ಬಾಯಿತುಂಬ ಹಿಡಿಯಲಾರದೆ ತೊಟ್ಟನ್ನಷ್ಟೇ ಒಸಡಿನಿಂದ ಅದುಮುತ್ತದೆ. ತೊಟ್ಟು ಒಡೆದು ತಾಯಿಗೆ ನೋವು. ಹೊಟ್ಟೆ ತುಂಬದೆ ಮಗುವಿಗೆ ಅಳು. ವೈದ್ಯರು ‘ಟಂಗ್ ಟೈ’ ಎನ್ನುವುದು ಇದನ್ನೇ.

ಸುಶ್ರುತ ಸಂಹಿತೆ ಐದು ಜಿಹ್ವಾರೋಗಗಳನ್ನು ಹೇಳುತ್ತದೆ. ಹುಟ್ಟಿನಿಂದ ಬರುವ ಈ ಕಟ್ಟು ಆ ಪಟ್ಟಿಯಲ್ಲಿಲ್ಲ. ರೋಮಿನ ಗ್ರಂಥಕಾರ ಸೆಲ್ಸಸ್ ಮಾತ್ರ ಕ್ರಿ.ಶ. 1ನೇ ಶತಮಾನದಲ್ಲೇ ಪೊರೆ ಕೊಯ್ಯುವ ಕ್ರಮವನ್ನು ಬರೆದಿಟ್ಟ. ಅಕ್ಕಪಕ್ಕದ ರಕ್ತನಾಳಕ್ಕೆ ಏಟಾಗದಂತೆ ಎಚ್ಚರಿಸಿದ. ನಾಲಿಗೆ ಹಲ್ಲಿನಾಚೆ ಚಾಚಲು ಬಂದರೂ ಮಾತು ಬಾರದೇ ಉಳಿದ ರೋಗಿಯೊಬ್ಬನನ್ನೂ ಆತ ದಾಖಲಿಸಿದ್ದಾನೆ. ಪೊರೆ ಬಿಡಿಸಿದ ಮಾತ್ರಕ್ಕೆ ತೊಂದರೆ ನೀಗದು ಎಂಬ ಈ ಅರಿವು ಇಂದಿಗೂ ಬೇಕಾದದ್ದು.

ಹಾಲಿನ ಸಲುವಾಗಿಯೇ ನಡೆದ ಪ್ರಸಿದ್ಧ ಪ್ರಸಂಗ ಫ್ರಾನ್ಸಿನದು. 1601ರ ಸೆಪ್ಟೆಂಬರಿನಲ್ಲಿ ಹುಟ್ಟಿದ ರಾಜಕುಮಾರ, ಮುಂದೆ 13ನೇ ಲೂಯಿ ಎನಿಸಿದವನು, ಚೀಪಲು ಕಷ್ಟಪಟ್ಟಾಗ ಶಸ್ತ್ರವೈದ್ಯ ಗಿಯಮೋ ಪೊರೆ ಕತ್ತರಿಸಿದ; ಅದನ್ನು ದಿನಚರಿಯಲ್ಲಿ ಬರೆದವನು ಆಸ್ಥಾನವೈದ್ಯ ಎರುವಾರ್. ಬಡವರ ಮನೆಗಳಲ್ಲಿ ಆ ಕೆಲಸ ಸೂಲಗಿತ್ತಿಯ ಉಗುರಿನದಾಗಿತ್ತು. ವೈದ್ಯರು ಅದನ್ನು ಖಂಡಿಸಿದರು. ಉಗುರಿನಿಂದ ನಂಜೇರುವ ಅಪಾಯ ನಿಜವೇ. ಆದರೆ ಮೊದಲ ದಿನವೇ ಮಗುವಿನ ಬಾಯಿ ನೋಡುವ ರೂಢಿಯಿದ್ದದ್ದು ಆ ಹೆಂಗಸರಲ್ಲಿ ಎಂಬುದನ್ನೂ ನೆನೆಯಬೇಕು.

20ನೇ ಶತಮಾನದಲ್ಲಿ ಬಾಟಲಿ ಹಾಲು ಹರಡಿದಂತೆ ಸಮಸ್ಯೆ ಮರೆಯಾಯಿತು, ಚಿಕಿತ್ಸೆಯೂ ಹಿಂದೆ ಸರಿಯಿತು. ಎದೆಹಾಲಿಗೆ ಮತ್ತೆ ಮನ್ನಣೆ ಬಂದಾಗ (ಭಾರತದಲ್ಲಿ ಹಾಲುಪುಡಿ, ಬಾಟಲಿಗಳ ಪ್ರಚಾರವನ್ನು ತಡೆದದ್ದು 1992ರ ಕಾಯ್ದೆ) ಕತ್ತರಿಯೂ ಮರಳಿತು. ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ 57 ಶಿಶುಗಳ ಮೇಲೆ ನಡೆದು 2005ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಪೊರೆ ಬಿಡಿಸಿದ 28ರಲ್ಲಿ 27 ಶಿಶುಗಳ ಹಾಲೂಡಿಕೆ ಸುಧಾರಿಸಿತು. ಸಲಹೆ, ನೆರವು ಮಾತ್ರ ದೊರೆತ 29ರಲ್ಲಿ ಒಂದರದು. ಉತ್ಸಾಹ ಹೆಚ್ಚಿತು. ಆದರೆ ವೈದ್ಯಕೀಯ ಪ್ರಯೋಗಗಳನ್ನು ಒರೆಗೆ ಹಚ್ಚುವ ಕಾಕ್ರೇನ್ ಸಂಸ್ಥೆಯ 2017ರ ವಿಮರ್ಶೆ 5 ಪ್ರಯೋಗಗಳ 302 ಶಿಶುಗಳನ್ನು ಒಟ್ಟಿಗೆ ನೋಡಿ, ತಾಯಿಯ ನೋವು ಸದ್ಯಕ್ಕೆ ತಗ್ಗುವುದು ದಿಟ, ಮಗುವಿನ ಹಾಲೂಡಿಕೆಗೆ ಆಗುವ ಲಾಭ ಮಾತ್ರ ಎಲ್ಲ ಕಡೆ ಒಂದೇ ತೆರನಾಗಿ ಕಾಣದು ಎಂದಿತು. ಬ್ರೆಜಿಲ್ 2014ರಲ್ಲಿ ಎಲ್ಲ ನವಜಾತರ ನಾಲಿಗೆ ಪರೀಕ್ಷೆಯನ್ನು ಕಾನೂನು ಮಾಡಿದರೆ, ಅಮೆರಿಕದ ಮಕ್ಕಳ ತಜ್ಞರ ಅಕಾಡೆಮಿ 2024ರಲ್ಲಿ ಅನಗತ್ಯ ಕೊಯ್ತದ ವಿರುದ್ಧ ಎಚ್ಚರಿಸಿತು. ನನ್ನ ತೀರ್ಮಾನವೂ ಇದೇ: ಪೊರೆಯ ರೂಪ ನೋಡಿ ಕತ್ತರಿಸುವುದು ಸಲ್ಲದು, ಮಗು ಹಾಲು ಕುಡಿಯುವುದನ್ನು ನೋಡಿ ನಿರ್ಧರಿಸಬೇಕು.

ನಮ್ಮ ಕರಾವಳಿಯಲ್ಲಿ ಬಜೆ ತೇಯ್ದು ಶಿಶುವಿನ ನಾಲಿಗೆಗೆ ಮುಟ್ಟಿಸುವ ರೂಢಿಯುಂಟು. ಮಾತು ಚೆನ್ನಾಗಿ ಬರಲೆಂಬ ಆಸೆ ಅದರ ಹಿಂದಿದೆ. ನಾಲಿಗೆಯೆಂದರೆ ಮಾತು ಎಂಬ ಈ ಎಣಿಕೆಯಲ್ಲಿ ಹಾಲಿನ ಪ್ರಶ್ನೆ ಹಿಂದೆ ಬೀಳುತ್ತದೆ. ಮಗು ಚೀಪದಿದ್ದರೆ ‘ಹಾಲು ಸಾಲದು’ ಎಂದು ತಾಯಿಯನ್ನೇ ದೂರುವುದು ಸುಲಭ. ಹೆರಿಗೆ ಆಸ್ಪತ್ರೆಗೆ ಸರಿದ ಮೇಲೆ ತಾಯಿ-ಮಗು ಬೇಗನೆ ಮನೆ ಸೇರುತ್ತಾರೆ. ತೊಟ್ಟು ಒಡೆಯುವುದು ಆಮೇಲೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಜನ್ಮದೋಷಗಳ ಪಟ್ಟಿಯಲ್ಲಿ ಸೀಳುತುಟಿಯಿದೆ, ನಾಲಿಗೆಕಟ್ಟಿಲ್ಲ. ತಜ್ಞರಿಗಾಗಿ ಭಟ್ಕಳ, ಹೊನ್ನಾವರದವರು ಕುಂದಾಪುರ, ಮಣಿಪಾಲದತ್ತ ಹೊರಡಬೇಕು. 2022ರಲ್ಲಿ ಸುಸಜ್ಜಿತ ಆಸ್ಪತ್ರೆಗಾಗಿ ಉತ್ತರ ಕನ್ನಡ ಜಿಲ್ಲೆಯಲ್ಲಿ ಎದ್ದ ಕೂಗಿಗೆ ಈ ದೂರವೇ ಕಾರಣ.

ಆದರೆ ನಾಲಿಗೆಕಟ್ಟನ್ನು ಗುರುತಿಸಲು ದೊಡ್ಡ ಆಸ್ಪತ್ರೆ ಬೇಕಿಲ್ಲ. ಆಸ್ಪತ್ರೆಯಲ್ಲಿ ಹೆರಿಗೆಯಾದರೂ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಮನೆಗೆ ಬರಬೇಕೆಂಬ ನಿಯಮವಿದೆ. 3 ಮತ್ತು 7ನೇ ದಿನ ಆಕೆ ಮಗು ಹಾಲು ಕುಡಿಯುವುದನ್ನು ಪೂರ್ತಿ ನೋಡಲಿ. ಹಿಡಿತ ಸರಿಪಡಿಸಿದರೂ ನೋವು ತಗ್ಗದಿದ್ದರೆ, ತೂಕ ಏರದಿದ್ದರೆ ತಾಲ್ಲೂಕು ಆಸ್ಪತ್ರೆಯ ಮಕ್ಕಳ ವೈದ್ಯರಲ್ಲಿಗೆ ಕಳುಹಿಸಲಿ. ಜಿಲ್ಲಾ ಆರೋಗ್ಯ ಇಲಾಖೆ ಭಟ್ಕಳ, ಹೊನ್ನಾವರ, ಕುಮಟಾ ತಾಲ್ಲೂಕುಗಳ ಆಶಾ ತರಬೇತಿಯಲ್ಲಿ ನಾಲಿಗೆಯ ಪರೀಕ್ಷೆಯನ್ನು ಸೇರಿಸಬೇಕು.